ಫೆನ್‌ವೇ ಪಾರ್ಕ್‌ನಲ್ಲಿ 29–4

ಕೇಳುಗರಿಗೆ ನಮಸ್ಕಾರ.

1950ರ ಜೂನ್ 8. ಅಮೆರಿಕದ ಬಾಸ್ಟನ್ ನಗರದ ಫೆನ್‌ವೇ ಪಾರ್ಕ್. ಅಂದು ಬಾಸ್ಟನ್ ರೆಡ್ ಸಾಕ್ಸ್ ತಂಡ ಸೇಂಟ್ ಲೂಯಿಸ್ ಬ್ರೌನ್ಸ್ ತಂಡವನ್ನು 29–4ರಿಂದ ಸದೆಬಡಿಯಿತು. ಬೇಸ್‌ಬಾಲ್‌ನಲ್ಲಿ ಐದಾರು ರನ್ ಬಂದರೇ ಬ್ಯಾಟರುಗಳಿಗೆ ಒಳ್ಳೆಯ ದಿನ. ಹಿಂದಿನ ದಿನವೂ ಇದೇ ಬ್ರೌನ್ಸ್ 20–4ರಿಂದ ಸೋತಿತ್ತು. ಎರಡೇ ದಿನದಲ್ಲಿ 49 ರನ್!

ಇಷ್ಟೊಂದು ಹೇಗೆ ಸಾಧ್ಯ? ಕ್ರಿಕೆಟ್ ಬಲ್ಲವರು ಮೊದಲು ಗಮನಿಸಬೇಕಾದ್ದು, ಇಲ್ಲಿ ಓವರುಗಳ ಮಿತಿಯಿಲ್ಲ, ಡಿಕ್ಲೇರ್ ಮಾಡಿಕೊಳ್ಳುವ ಅವಕಾಶವೂ ಇಲ್ಲ. ಒಂದೊಂದು ತಂಡಕ್ಕೆ ಒಂಬತ್ತು ಇನಿಂಗ್ಸ್; ಪ್ರತಿ ಇನಿಂಗ್ಸ್‌ನಲ್ಲೂ ಮೂರು ಔಟ್ ಸಿಗುವ ತನಕ ಎದುರಾಳಿ ಆಡುತ್ತಲೇ ಇರುತ್ತಾನೆ. ಮೈದಾನದ ಬೇಸ್‌ಗಳನ್ನೆಲ್ಲ ಸುತ್ತಿ ಬಂದರೆ ಒಂದು ರನ್. ಒಂಬತ್ತನೆಯ ಬ್ಯಾಟರ್ ಮುಗಿದರೆ ಮತ್ತೆ ಮೊದಲನೆಯವನ ಸರದಿ. ಮೊದಲ ಇನಿಂಗ್ಸ್‌ನಲ್ಲಿ ರೆಡ್ ಸಾಕ್ಸ್‌ಗೆ ಸಿಕ್ಕಿದ್ದು ಸೊನ್ನೆ. ಎರಡನೆಯದರಲ್ಲಿ 8, ಮೂರರಲ್ಲಿ 5, ನಾಲ್ಕರಲ್ಲಿ 7.

ಚೆಂಡು ಎಸೆಯುವ ಪಿಚರ್ ಕೈಕೊಡುವುದು ಹೀಗೆ. ಬ್ಯಾಟರ್ ಪಕ್ಕ ನೆಲದಲ್ಲಿರುವ ಹೋಮ್ ಪ್ಲೇಟ್‌ನ ಅಗಲ 17 ಅಂಗುಲ, ಎಸೆತ ಅದರ ಮೇಲೇ ಹಾಯಬೇಕು. ನಾಲ್ಕು ಎಸೆತ ಗುರಿಯಿಂದ ಆಚೆ ಹೋದರೆ ಬ್ಯಾಟರ್ ಆರಾಮಾಗಿ ಮೊದಲ ಬೇಸ್‌ಗೆ ನಡೆದುಹೋಗುತ್ತಾನೆ, ಅದು ವಾಕ್. ಮೂರು ಎಸೆತ ಆಚೆ ಹೋದವೆಂದರೆ ಪಿಚರ್‌ಗೆ ದಾರಿ ಉಳಿಯುವುದಿಲ್ಲ, ತಿರುವುವ ಚೆಂಡು ಬಿಟ್ಟು ನೇರವಾಗಿ ನಡುವಿಗೇ ಎಸೆಯಬೇಕು. ಬ್ಯಾಟರ್ ಅದಕ್ಕೇ ಕಾದಿರುತ್ತಾನೆ. ಆ ಕಾಲದಲ್ಲಿ ಪಿಚರ್ ಕೂಡ ಬ್ಯಾಟ್ ಮಾಡಬೇಕಿತ್ತು, ಸಾಮಾನ್ಯವಾಗಿ ತಂಡದಲ್ಲೇ ದುರ್ಬಲ ಬ್ಯಾಟರ್ ಅವನೇ. ರೆಡ್ ಸಾಕ್ಸ್‌ನ ಅಂಥ ಪಿಚರ್ ಚಕ್ ಸ್ಟಾಬ್ಸ್‌ಗೆ ಬ್ರೌನ್ಸ್ ಪಿಚರುಗಳು ಸತತ ನಾಲ್ಕು ಇನಿಂಗ್ಸ್‌ಗಳಲ್ಲಿ ನಾಲ್ಕು ವಾಕ್ ಕೊಟ್ಟರು. ನನ್ನ ಮಟ್ಟಿಗೆ ಆ ದಿನದ ಕಥೆಯನ್ನು 29ಕ್ಕಿಂತ ಚೆನ್ನಾಗಿ ಹೇಳುವುದು ಇದೇ.

ಹೊಡೆತಗಳಿಗೂ ಬರವಿರಲಿಲ್ಲ. ಒಟ್ಟು 28 ಹಿಟ್. ಅದರಲ್ಲಿ ಬ್ಯಾಟರ್‌ನನ್ನು ಎರಡನೆಯ ಬೇಸ್‌ಗೆ ಮುಟ್ಟಿಸುವ ಡಬಲ್ 9, ಮೂರನೆಯದಕ್ಕೆ ಮುಟ್ಟಿಸುವ ಟ್ರಿಪಲ್ 1, ಒಂದೇ ಹೊಡೆತಕ್ಕೆ ಎಲ್ಲ ಬೇಸ್ ಸುತ್ತಿಸುವ ಹೋಮ್ ರನ್ 7. ಬಾಬಿ ಡೋರ್ 3 ಹೋಮ್ ರನ್ ಬಾರಿಸಿ 8 ರನ್ ತಂದುಕೊಟ್ಟ. ವಾಲ್ಟ್ ಡ್ರೋಪೊ ಮತ್ತು ಟೆಡ್ ವಿಲಿಯಮ್ಸ್ ತಲಾ 2 ಹೋಮ್ ರನ್. ನಾಲ್ಕು ಡಬಲ್ ಹೊಡೆದ ಆಲ್ ಜರಿಲ್ಲಾ ಹಿಂದಿನ ವರ್ಷ ಬ್ರೌನ್ಸ್‌ನಿಂದಲೇ ಬಾಸ್ಟನ್‌ಗೆ ಬಂದವನು. ಫೆನ್‌ವೇಯ ಎಡಬದಿಯಲ್ಲಿ 37 ಅಡಿ ಎತ್ತರದ ಗೋಡೆ ತೀರಾ ಹತ್ತಿರವೇ ನಿಂತಿದೆ; ಬೇರೆಡೆ ಕ್ಯಾಚ್ ಆಗುವ ಎಷ್ಟೋ ಹೊಡೆತ ಅಲ್ಲಿ ಗೋಡೆಗೆ ಬಡಿದು ಡಬಲ್ ಆಗುತ್ತದೆ.

ಸ್ಕೋರ್‌ಪಟ್ಟಿ ತಾಳೆ ನೋಡುವ ಒಂದು ಸರಳ ಲೆಕ್ಕವಿದೆ. ಕ್ರೀಸಿಗೆ ಬಂದ ಪ್ರತಿಯೊಬ್ಬನೂ ಔಟಾಗಿರಬೇಕು, ರನ್ ಗಳಿಸಿರಬೇಕು, ಇಲ್ಲವೇ ಬೇಸ್‌ನಲ್ಲೇ ಉಳಿದಿರಬೇಕು. ಎಂಟು ಇನಿಂಗ್ಸ್‌ಗೆ 24 ಔಟ್, 29 ರನ್, ಸೇರಿ 53. ಆದರೆ ಮೊದಲ ಬ್ಯಾಟರ್ ಕ್ಲೈಡ್ ವಾಲ್ಮರ್ ಎಂಟು ಸಲ ಕ್ರೀಸಿಗೆ ಬಂದ. ಅಂದರೆ ಕನಿಷ್ಠ ಏಳು ಪೂರ್ಣ ಸುತ್ತು, ಮೇಲೊಂದು: 64 ಸರದಿ. 29 ರನ್ ಆದಮೇಲೂ ಇನ್ನೂ ಹನ್ನೊಂದು ಜನ ಬೇಸ್‌ಗಳಲ್ಲಿ ಉಳಿದಿದ್ದರು! ಮುನ್ನಡೆಯಲ್ಲಿದ್ದ ಆತಿಥೇಯರು ಒಂಬತ್ತನೆಯ ಇನಿಂಗ್ಸ್ ಬ್ಯಾಟ್ ಮಾಡಲೇ ಇಲ್ಲ.

ಪಿಚರುಗಳನ್ನು ಬದಲಿಸುತ್ತಲೇ ಹೋಗಬಹುದಿತ್ತಲ್ಲ ಎಂದು ಕೇಳಬಹುದು. ಹೊರಗೆ ಕಳಿಸಿದವನು ಅದೇ ಪಂದ್ಯಕ್ಕೆ ಮರಳುವಂತಿಲ್ಲ. ಋತುವಿಗೆ ಆಗ 154 ಪಂದ್ಯ, ಹೆಚ್ಚುಕಡಿಮೆ ದಿನಕ್ಕೊಂದು. ಕೈಬಿಟ್ಟ ಪಂದ್ಯಕ್ಕೆ ಎಲ್ಲ ತೋಳುಗಳನ್ನೂ ಸವೆಸಿದರೆ ನಾಳೆಯದೂ ಹೋಯಿತು. ಹಾಗಾಗಿ ಯಾರೋ ಒಬ್ಬ ಪೆಟ್ಟು ತಿನ್ನುತ್ತ ನಿಲ್ಲಲೇಬೇಕು. ಇದು ಕ್ರೂರ, ಆದರೆ ಸರಿಯಾದ ನಿರ್ಧಾರ. 29–4 ಆದರೂ 1–0 ಆದರೂ ಪಟ್ಟಿಯಲ್ಲಿ ಒಂದೇ ಸೋಲು. ಆ ವರ್ಷ 1,027 ರನ್ ಗಳಿಸಿದ ರೆಡ್ ಸಾಕ್ಸ್ ಕೂಡ ಲೀಗ್‌ನಲ್ಲಿ ಮೂರನೆಯ ಸ್ಥಾನಕ್ಕೇ ನಿಂತಿತು.

1954ರಲ್ಲಿ ಬ್ರೌನ್ಸ್ ಬಾಲ್ಟಿಮೋರ್‌ಗೆ ವಲಸೆ ಹೋಗಿ ಓರಿಯೋಲ್ಸ್ ಆಯಿತು. 2007ರ ಆಗಸ್ಟ್ 22ರಂದು ಟೆಕ್ಸಸ್ ರೇಂಜರ್ಸ್ ಅದೇ ತಂಡವನ್ನು 30–3ರಿಂದ ಸೋಲಿಸಿ, ಒಂದೇ ಪಂದ್ಯದಲ್ಲಿ 29 ರನ್ ಎಂಬ ಅಮೆರಿಕನ್ ಲೀಗ್‌ನ ಹಳೆಯ ದಾಖಲೆ ಅಳಿಸಿತು. ಆ ಪಂದ್ಯದ ಮೊದಲ ಮೂರು ಇನಿಂಗ್ಸ್ ಮುಗಿದಾಗ ಓರಿಯೋಲ್ಸ್ 3–0 ಮುಂದಿತ್ತು.