ರೊಟ್ಟಿ ಎಲ್ಲೈತಿ? ನಮ್ಮ ಮ್ಯೂಸಿಕ್ ವಿಡಿಯೋ ಕಾನ್ಸೆಪ್ಟ್‌ಗೆ ಸಿಕ್ಕ ಫೀಡ್‌ಬ್ಯಾಕ್ | ಧಾರವಾಡ ವ್ಲಾಗ್

ನಮಸ್ಕಾರ್ರೀ. ಸಾಧನಕೇರಿ ದಂಡಿ ಮ್ಯಾಲ ಕುಂತೀನಿ, ಗಾಳಿ ಸಪ್ಪಳ ಭಾಳ ಬರಾಕತ್ತೈತಿ, ಸ್ವಲ್ಪ ತಡಕೋರಿ. ಕೈಯಾಗಿನ ಹಾಳಿ ನಮ್ಮ ಸ್ಟೋರಿಬೋರ್ಡು, ಅಂದ್ರ ಒಂದೊಂದು ಶಾಟ್ ಹೆಂಗ ಕಾಣಬೇಕಂತ ಮೊದ್ಲ ಬರದಿಟ್ಟ ಚಿತ್ರ. ಹಾಡು ನಮ್ಮ ಕ್ಲಾಸಿನ ಹುಡುಗಂದು, ನಾಕು ನಿಮಿಷದ್ದು. ಮಗಳು ನೌಕರಿಗಂತ ಬೆಂಗಳೂರಿಗೆ ಹೊಂಟಾಳ, ಅವ್ವ ಕಳಸಾಕ ಬಂದಾಳ, ಅಷ್ಟ. ಪೂರ್ತಿ ವಿಡಿಯೋ ಹುಬ್ಬಳ್ಳಿ ಸ್ಟೇಷನ್ನಿನ್ಯಾಗ ತಗೀಬೇಕಂತ ನಮ್ಮ ಆಸೆ, 1507 ಮೀಟರ್ ಪ್ಲಾಟ್‌ಫಾರ್ಮ್ ರೀ ಅದು, ಜಗತ್ತಿನಾಗ ಎಲ್ಲಾದಕ್ಕಿಂತ ಉದ್ದಂದು, ರೈಲು ಹೋದ ಮ್ಯಾಲ ಅಷ್ಟು ಉದ್ದಕ ಅವ್ವ ಒಬ್ಬಾಕಿನ ನಡಕೋತ ವಾಪಸ್ ಬರ್ತಾಳ. ನೆನಸ್ಕೊಂಡ್ರ ಈಗೂ ಮೈ ಜುಮ್ ಅಂತೈತಿ.

ಮೊದ್ಲ ಈ ಪ್ರಿಂಟಿನ ಕಥಿ ಕೇಳ್ರಿ. ಕಲರ್, 24 ಹಾಳಿ, ಹಾಳಿಗೆ 10 ರೂಪಾಯಿ. ಝೆರಾಕ್ಸ್ ಅಂಗಡ್ಯಾಗ ಎರಡು ಸಲ ಹೇಳೀನಿ, ಅಣ್ಣಾ ಅಡ್ಡ ತಗಿ, ಅಂಚು ಕಟ್ ಆಗಬಾರ್ದು ಅಂತ. ಅಂವ ಫೋನ್‌ನ್ಯಾಗ ಮಾತಾಡ್ಕೋತ ಹಂಗ ಪ್ರಿಂಟ್ ಬಿಟ್ಟ. ಇಲ್ನೋಡ್ರಿ, ಎಲ್ಲಾ ಚಿತ್ರದ್ದೂ ಕೆಳಗಿನ ಪಟ್ಟಿ ಹಾರೇತಿ, ಒಬ್ಬರಿಗೂ ಕಾಲಿಲ್ಲ! ನಡಿಯೋದ ತೋರಸೋ ವಿಡಿಯೋರೀ ಇದು. ಮತ್ತೊಮ್ಮೆ ತಗದು ಕೊಡು ಅಂದ್ರ "ನಿನ್ನ ಫೈಲ್ ಹಂಗ ಐತಿ" ಅಂದ, 240 ಎಣಿಸಿ ತಗೊಂಡ. ನಾಕು ಮಂದಿ ರೊಕ್ಕ ಕೂಡ್ಸಿ ಮಾಡಾಕತ್ತೀವಿ, ನಮಗ 240 ಅಂದ್ರ ಒಂದಿನದ ಊಟ. ರಾತ್ರಿ ಕುಂತು ಒಂದೊಂದು ಹಾಳಿಗೂ ಕೆಳಗ ಬಿಳಿ ಪಟ್ಟಿ ಅಂಟಿಸಿ ಪೆನ್ಸಿಲ್ಲೆ ಕಾಲು ಬರದೀನಿ. ಸಿಟ್ಟು ಇನ್ನೂ ಇಳದಿಲ್ಲ.

ಆತು ಬಿಡ್ರಿ. ಫೀಡ್‌ಬ್ಯಾಕ್ ಕೇಳಿದ್ವಿ, ಏಳೆಂಟು ಮಂದೀಗೆ. ಎಲ್ಲಾರೂ "ಛಲೋ ಐತಿ". ಛಲೋ ಐತಿ ಅಂದ್ರ ನಾ ಏನು ತಿದ್ದಲಿ ಹೇಳ್ರಿ? ಅದು ಪ್ರೀತಿಲೆ ಅನ್ನೋ ಮಾತು, ಅದರಾಗ ಕೆಲಸ ಆಗಂಗಿಲ್ಲ.

ನಮ್ಮ ಸೀನಿಯರ್ ಅಕ್ಕ ಒಬ್ಬಾಕಿ ಮಾತ್ರ ಸೀದಾ ಕೇಳಿದ್ಲು. "ಪ್ಲಾಟ್‌ಫಾರ್ಮ್ ಉದ್ದ ಐತಿ ಖರೆ, ನಿನ್ನ ಫ್ರೇಮಿನ್ಯಾಗ ಅದು ಕಾಣ್ತೈತೇನು? ಜೂಮ್ ಹಾಕಿ ದೂರದಿಂದ ತಗದ್ರ ಉದ್ದ ಎಲ್ಲಾ ಒತ್ತಿ ಗಿಡ್ಡ ಆಗ್ತೈತಿ, ವೈಡ್ ಹಾಕಿದ್ರ ಅವ್ವ ಇರಿವಿಯಷ್ಟು ಆಗ್ತಾಳ, ಅಕಿ ಮಾರಿ ಯಾರು ನೋಡ್ತಾರ?" ಅಂದ್ಲು. ಮ್ಯಾಲ ರೈಲ್ವೇದವ್ರ ಪರ್ಮಿಷನ್ ಬ್ಯಾರೆ ಬೇಕು. ಅವತ್ತು ನಂಗ ಭಾಳ ಕೆಟ್ಟ ಅನ್ನಿಸ್ತು, ಈಕಿಗೆ ನಮ್ಮ ಹಾಡ ತಿಳಿದಿಲ್ಲ ಅಂತ ಬಸ್ಸಿನ್ಯಾಗ ಪೂರ್ತಿ ಬೈಕೋತ ಬಂದೆ. ಅಕಿ ಹೇಳಿದ್ದ ಬರೊಬ್ಬರಿ ಐತಿ, ಈಗ ಒಪ್ಕೋತೀನಿ. ಆದ್ರ ಡ್ಯಾನ್ಸ್ ಹಾಕು ಅಂದ್ಲಲ್ಲ, ಅದನ್ನ ಸತ್ರೂ ಹಾಕಂಗಿಲ್ಲ.

ಹಾಂ, ಬೇಂದ್ರೆ ಅಜ್ಜಾರ ಮನಿ ಇಲ್ಲೇ ಬಾಜೂಕ ರೀ, ಬರೂವಾಗ ಎರಡು ಮಿನಿಟ್ ನಿಂತು ನೋಡಿ ಬಂದೆ, ಮನಸ್ಸು ತಂಪಾತು... ಅಯ್ಯ ಶಾಟ್ ಮುಗೀತು, ನಡೀರಿ.

ಇದು ಮಾವಶಿ ಮನಿ. ಅಕ್ಕ ಹೇಳಿಕೊಟ್ಟಂಗ ಸ್ಟೋರಿಬೋರ್ಡಿನ ಫೋಟೋ ತಗದು ಸಾಲಾಗಿ ಜೋಡಿಸಿ, ಹಾಡು ಬಂದ್ ಮಾಡಿ ಮಾವಶಿ ಕೈಯಾಗ ಫೋನ್ ಕೊಟ್ಟೆ. ಹೆಂಗೈತಿ ಅಂತ ಕೇಳ್ಳಿಲ್ಲ, ಏನು ತಿಳೀತು ಅಂತ ಕೇಳ್ದೆ. "ಈ ಹುಡುಗಿ ಪರೀಕ್ಷೆ ಬರಿಯಾಕ ಹೊಂಟಾಳೇನೋ ತಮ್ಮಾ?" ಅಂದ್ಲು. ಯಾಕಂದ್ರ ಮಗಳ ಬೆನ್ನಿಗೆ ಬರೇ ಒಂದು ಬ್ಯಾಗು. "ಬೆಂಗಳೂರಿಗೆ ಹೋಗಾಕಿ ಅಂದ್ರ ರೊಟ್ಟಿ ಎಲ್ಲೈತಿ? ಶೇಂಗಾ ಹಿಂಡಿ ಎಲ್ಲೈತಿ? ಹಂಗ ಬರಿಗೈಲೆ ಕಳಸ್ತಾಳೇನು ಹಡದವ್ವ?"

ನಾ ಸುಮ್ನ ಆಗಿಬಿಟ್ಟೆ. ಮೂರು ತಿಂಗಳು ಪ್ಲಾಟ್‌ಫಾರ್ಮ್, ಪ್ಲಾಟ್‌ಫಾರ್ಮ್ ಅಂತ ಕುಂತಿದ್ವಿ, ನಮ್ಮ ಮನ್ಯಾಗಿಂದ ಯಾರ ಊರಿಗೆ ಹೋದ್ರೂ ಮೊದ್ಲ ಆಗೋ ಕೆಲಸ ಇದ ಅಲ್ರೀ. ಈಗ ಹಾಡು ಅಡಗಿಮನ್ಯಾಗ ಶುರು ಆಗ್ತೈತಿ, ಸ್ಟೇಷನ್ ಬರೇ ಸಪ್ಪಳದಾಗ ಬರ್ತೈತಿ.

ಒಂದ ತ್ರಾಸು, ಈ ಟ್ಯೂಬ್‌ಲೈಟ್. ಸ್ಕ್ರೀನಿನ್ಯಾಗ ಪಟ್ಟಿ ಪಟ್ಟಿ ಓಡಾಡಾಕತ್ತಿದ್ವು. ನಮ್ಮ ಕರೆಂಟ್ 50 ಹರ್ಟ್ಜ್, ಲೈಟೂ ಅದರ ತಾಳಕ್ಕ ಮಿಣುಕ್ತೈತಿ, ಅದಕ್ಕ ಕ್ಯಾಮೆರಾದಾಗ ಸೆಕೆಂಡಿಗೆ 25 ಫ್ರೇಮ್ ಇಟ್ಟು ಶಟರ್ 1/50 ಸೆಕೆಂಡ್ ಮಾಡ್ದೆ, ತಾಳ ಕೂಡಿ ಪಟ್ಟಿ ನಿಂತ್ವು.

ನೋಡ್ರಿ, ಮಾವಶಿ ಕಡಕ್ ರೊಟ್ಟಿ ಹತ್ತು ಒಂದರ ಮ್ಯಾಲ ಒಂದು ಇಟ್ಟು ಬಿಳಿ ಧೋತರದ ತುಂಡಿನ್ಯಾಗ ಗಂಟು ಹಾಕಾಕತ್ತಾಳ. ಟಕ್ ಅಂತು, ಕೇಳಿಸ್ತೇನು? ಅಂಚಿನ ರೊಟ್ಟಿ ಮುರೀತು. ಮುರದ ತುಂಡು ತಗದು ತನ್ನ ಬಾಯಾಗ ಹಾಕ್ಕೊಂಡ್ಲು, ನಾ ಹೇಳೇ ಇಲ್ರೀ ಅದನ್ನ! ಮಾವಶಿ, ಇನ್ನೊಮ್ಮೆ ಕಟ್ಟ ಹಂಗ, ಫೋನ್ ಸ್ವಲ್ಪ ಹತ್ರ ಹಿಡೀತೀನಿ.