ವಿದುರಾಶ್ವತ್ಥದ ಧ್ವಜ

ಕೇಳುಗರಿಗೆ ನಮಸ್ಕಾರ. ಇಂದು ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿರುವ, ಆಗ ಕೋಲಾರ ಜಿಲ್ಲೆಯಲ್ಲಿದ್ದ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ, ನಿಷೇಧಾಜ್ಞೆಯನ್ನು ಲೆಕ್ಕಿಸದೆ ಕಾಂಗ್ರೆಸ್ ಧ್ವಜವನ್ನು ಹಾರಿಸುವ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ 1938ರ ಏಪ್ರಿಲ್ 25ರಂದು ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಸತ್ತವರು ಹತ್ತು ಮಂದಿ ಎಂದಿತು ಸರ್ಕಾರದ ವಿಚಾರಣಾ ಸಮಿತಿ. 32 ಮಂದಿ ಎನ್ನುವುದು ಈ ಸೀಮೆಯ ಜನರ ಲೆಕ್ಕ.

ಅಂದಿನ ಆ ಧ್ವಜ ನಾವು ಇಂದು ಹಾರಿಸುವ ಧ್ವಜವಲ್ಲ. ಪಿಂಗಳಿ ವೆಂಕಯ್ಯನವರು 1921ರಲ್ಲಿ ಬೆಜವಾಡದಲ್ಲಿ, ಅಂದರೆ ಇಂದಿನ ವಿಜಯವಾಡದಲ್ಲಿ, ಗಾಂಧೀಜಿಯವರ ಮುಂದಿಟ್ಟ ಕೆಂಪು ಹಸಿರಿನ ವಿನ್ಯಾಸಕ್ಕೆ ಬಿಳಿಯ ಪಟ್ಟಿಯೂ ಚರಕವೂ ಸೇರಿ, ಮುಂದೆ 1931ರಲ್ಲಿ ಕೇಸರಿ, ಬಿಳಿ, ಹಸಿರು ಪಟ್ಟಿಗಳ ನಡುವೆ ಚರಕವಿರುವ ಧ್ವಜವನ್ನು ಕಾಂಗ್ರೆಸ್ ಅಂಗೀಕರಿಸಿತು. ಬಣ್ಣಗಳನ್ನು ಮತಗಳಿಗೆ ಹಂಚಿಕೊಡುವ ಹಳೆಯ ವ್ಯಾಖ್ಯಾನವನ್ನು ಕಾಂಗ್ರೆಸ್ ಆಗಲೇ ಕೈಬಿಟ್ಟು, ಕೇಸರಿಗೆ ಧೈರ್ಯ ಮತ್ತು ತ್ಯಾಗ, ಬಿಳಿಗೆ ಸತ್ಯ ಮತ್ತು ಶಾಂತಿ ಎಂಬ ಅರ್ಥಗಳನ್ನು ಕೊಟ್ಟಿತ್ತೆಂಬುದನ್ನು ಇಂದಿಗೂ ಅನೇಕರು ಮರೆಯುತ್ತಾರೆ.

ವಿದುರಾಶ್ವತ್ಥದಿಂದ ಹಿಂದೂಪುರ ದೂರವೇನಲ್ಲ. ಆ ಊರು ಸೇರಿದ್ದ ಮದ್ರಾಸ್ ಪ್ರಾಂತ್ಯವನ್ನು 1937ರಿಂದ ರಾಜಾಜಿಯವರ ಕಾಂಗ್ರೆಸ್ ಸರ್ಕಾರವೇ ಆಳುತ್ತಿತ್ತು. ಬ್ರಿಟಿಷರ ನೆಲದಲ್ಲಿ ಅಧಿಕಾರಕ್ಕೇರಿದ ಪಕ್ಷದ ಬಾವುಟ, ಗಡಿಯ ಈಚೆ, ಮಾದರಿ ಸಂಸ್ಥಾನವೆಂದು ಹೆಸರಾದ ಮೈಸೂರಿನಲ್ಲಿ ಅಪರಾಧವಾಗಿತ್ತು! ಅದೇ ತಿಂಗಳು ಮದ್ದೂರಿನ ಬಳಿಯ ಶಿವಪುರದಲ್ಲಿ ಟಿ. ಸಿದ್ದಲಿಂಗಯ್ಯನವರ ನೇತೃತ್ವದಲ್ಲಿ ನಡೆದ ಸತ್ಯಾಗ್ರಹದ ಕಾರಣವೂ ಇದೇ. ಗಂಡಭೇರುಂಡ ಲಾಂಛನದ ಅರಸೊತ್ತಿಗೆಯನ್ನು ಕೆಡವಲು ಆ ಜನ ಹೊರಟಿರಲಿಲ್ಲ. ಅವರು ಕೇಳುತ್ತಿದ್ದುದು ಮಹಾರಾಜರ ಆಶ್ರಯದಲ್ಲಿ ಜವಾಬ್ದಾರಿ ಸರ್ಕಾರವನ್ನು, ಅಂದರೆ ಜನಪ್ರತಿನಿಧಿಗಳಿಗೆ ಉತ್ತರ ಕೊಡಬೇಕಾದ ಸರ್ಕಾರವನ್ನು. ಗೋಲಿಬಾರಿನ ಬಳಿಕ ವಲ್ಲಭಭಾಯಿ ಪಟೇಲ್ ಮತ್ತು ಆಚಾರ್ಯ ಕೃಪಲಾನಿ ಸಂಸ್ಥಾನಕ್ಕೆ ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಅವರೊಡನೆ ಮಾತುಕತೆ ನಡೆಸಿದರು. ಸಮಾರಂಭಗಳಲ್ಲಿ ಮೈಸೂರಿನ ಧ್ವಜದ ಜೊತೆಗೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಬಹುದೆಂಬ ಒಪ್ಪಂದವಾಯಿತು. ಅಷ್ಟು ಸರಳವಾದ ಈ ಏರ್ಪಾಡನ್ನು ಏಪ್ರಿಲ್ 25ಕ್ಕೆ ಮುಂಚೆಯೇ ಮಾಡಬಹುದಿತ್ತೆಂದು ನನಗೆ ಅನ್ನಿಸುತ್ತದೆ.

1947ರ ಜುಲೈ 22ರಂದು ಸಂವಿಧಾನ ಸಭೆ ಧ್ವಜವನ್ನು ಅಂಗೀಕರಿಸಿದಾಗ ಚರಕದ ಜಾಗಕ್ಕೆ ಸಾರನಾಥದ ಅಶೋಕ ಸ್ತಂಭದ ಚಕ್ರ ಬಂತು. ಇದಕ್ಕೆ ನೆಹರೂ ಅವರು ಸಭೆಯಲ್ಲಿ ಕೊಟ್ಟ ಒಂದು ಕಾರಣ ತೀರ ವ್ಯಾವಹಾರಿಕವಾದದ್ದು: ಧ್ವಜದ ಚಿಹ್ನೆ ಎರಡೂ ಬದಿಗಳಿಂದ ಒಂದೇ ರೀತಿ ಕಾಣಬೇಕು, ಒಂದು ಕಡೆ ಚಕ್ರ, ಇನ್ನೊಂದು ಕಡೆ ಕದಿರು ಇರುವ ಚರಕ ಹಿಂದಿನಿಂದ ನೋಡಿದರೆ ತಿರುವುಮುರುವಾಗುತ್ತದೆ. ಚಕ್ರದ ಅರಗಳು 24. ಧ್ವಜದ ಉದ್ದಗಲಗಳ ಪ್ರಮಾಣ ಮೂರಕ್ಕೆ ಎರಡು. ಚರಕ ಮರೆಯಾದರೂ ಅದರ ನೂಲು ಮಾತ್ರ ಉಳಿಯಿತು. ಕೈಯಲ್ಲಿ ನೂತು ನೇಯ್ದ ಬಟ್ಟೆಯಲ್ಲೇ ಧ್ವಜವಿರಬೇಕೆಂಬ ನಿಯಮವನ್ನು 2021ರ ಕೊನೆಯಲ್ಲಿ ಸಡಿಲಿಸಿ, ಯಂತ್ರದಲ್ಲಿ ತಯಾರಾದ ಪಾಲಿಯೆಸ್ಟರ್ ಬಟ್ಟೆಗೂ ಅನುಮತಿ ಕೊಡಲಾಗಿದೆ. ಆದರೂ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಧ್ವಜಗಳನ್ನು ಹೊಲಿಯುವ ಕೆಲಸ ನಡೆದೇ ಇದೆ.