ಕೊನೆಯ ಕಂತಿನ ಋಣ

ಕೇಳುಗರಿಗೆ ನಮಸ್ಕಾರ.

2016ರ ಏಪ್ರಿಲ್ 3ರ ರಾತ್ರಿ ಅಮೆರಿಕದ ಎಎಂಸಿ ವಾಹಿನಿಯಲ್ಲಿ ‘ದ ವಾಕಿಂಗ್ ಡೆಡ್’ ಧಾರಾವಾಹಿಯ ಆರನೆಯ ಸೀಸನ್ನಿನ ಕೊನೆಯ ಕಂತು ಪ್ರಸಾರವಾಯಿತು. ಸತ್ತವರು ಎದ್ದು ತಿರುಗುವ, ಸರ್ಕಾರ, ಪೊಲೀಸು, ನ್ಯಾಯಾಲಯಗಳೆಲ್ಲ ಅಳಿದುಹೋದ ಜಗತ್ತಿನಲ್ಲಿ ಬದುಕುಳಿಯಲು ಹೆಣಗುವ ಒಂದು ಗುಂಪಿನ ಕಥೆಯದು. ಆ ಕಂತಿನ ಕೊನೆಯಲ್ಲಿ ಗುಂಪಿನ 11 ಮಂದಿ ಕಾಡಿನ ನಡುವಿನ ಬಯಲಿನಲ್ಲಿ ಮಂಡಿಯೂರಿದ್ದಾರೆ. ನೀಗನ್ ಎಂಬಾತ ಮುಳ್ಳುತಂತಿ ಸುತ್ತಿದ ಬೇಸ್‌ಬಾಲ್ ದಾಂಡನ್ನು ಹಿಡಿದು, ಮಕ್ಕಳು ಆಟದಲ್ಲಿ ಸರದಿ ಆರಿಸಲು ಹೇಳುವ ಪ್ರಾಸವನ್ನು ಗುನುಗುತ್ತ, ಒಬ್ಬೊಬ್ಬರ ಮುಖದೆದುರು ಅದನ್ನು ಆಡಿಸುತ್ತ ಸಾಗುತ್ತಾನೆ. ಪ್ರಾಸ ಮುಗಿಯುತ್ತದೆ, ದಾಂಡು ಬೀಸುತ್ತದೆ. ಆದರೆ ಅಷ್ಟರಲ್ಲಿ ಕ್ಯಾಮೆರಾ ಹೊಡೆತ ತಿನ್ನುವವರ ಕಣ್ಣಾಗಿಬಿಟ್ಟಿರುತ್ತದೆ. ಪರದೆಯ ಮೇಲೆ ರಕ್ತ ಇಳಿಯುತ್ತದೆ, ಕತ್ತಲಾಗುತ್ತದೆ, ಸದ್ದು ಮಾತ್ರ ಉಳಿಯುತ್ತದೆ. ಸತ್ತವರು ಯಾರೆಂದು ತಿಳಿಯಲು ನೋಡುಗರು ಅಕ್ಟೋಬರ್ 23ರವರೆಗೆ, ಅಂದರೆ ಆರು ತಿಂಗಳಿಗೂ ಮಿಕ್ಕಿ, ಕಾಯಬೇಕಾಯಿತು.

ಆ ರಾತ್ರಿ ಎದ್ದ ಸಿಟ್ಟನ್ನು ಹಲವರು ಅವಸರದ ಸಿಟ್ಟೆಂದು ತಿಳಿದರು. ನೆಚ್ಚಿನ ಪಾತ್ರ ಸಾಯುವುದನ್ನು ಜನ ಸಹಿಸರು ಎಂದೂ ಹೇಳಿದರು. ನನಗೆ ಹಾಗೆನ್ನಿಸುವುದಿಲ್ಲ. ಆರು ವರ್ಷ ಆ ಧಾರಾವಾಹಿಯನ್ನು ನೋಡಿದವರಿಗೆ ಸಾವು ಹೊಸದಾಗಿರಲಿಲ್ಲ. ಧಾರಾವಾಹಿಗೆ ಮೂಲವಾದ ಕಾಮಿಕ್ಸ್ ಓದಿದವರಿಗಂತೂ, 2012ರ ಜುಲೈನಲ್ಲಿ ಬಂದ 100ನೆಯ ಸಂಚಿಕೆಯಲ್ಲಿಯೇ ನೀಗನ್ ಆ ಗುಂಪಿನ ಗ್ಲೆನ್ ಎಂಬಾತನನ್ನು ಕೊಂದದ್ದು ತಿಳಿದಿತ್ತು. ಅವರೂ ಸಿಟ್ಟಾದರೆಂದರೆ, ಸಿಟ್ಟಿನ ಮೂಲ ಸಾವಿನಲ್ಲಿ ಇರಲಿಲ್ಲ. ಕಥೆಯೊಳಗೆ ಮಂಡಿಯೂರಿದ್ದವರು ಸತ್ತದ್ದು ಯಾರೆಂದು ಕಣ್ಣಾರೆ ಕಂಡಿದ್ದರು, ಕೊಂದವನಿಗೆ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ನೋಡುಗನಿಗೆ ಮಾತ್ರ. ಪಾತ್ರವೊಂದು ಕತ್ತಲಲ್ಲಿದ್ದು ಅದರೊಡನೆ ನಾವೂ ಕತ್ತಲಲ್ಲಿದ್ದರೆ ಅದು ಕುತೂಹಲ. ಪಾತ್ರಗಳೆಲ್ಲ ಬೆಳಕಿನಲ್ಲಿದ್ದು ನಮ್ಮೊಬ್ಬರ ಕಣ್ಣಿಗೇ ಬಟ್ಟೆ ಕಟ್ಟಿದರೆ, ಕಟ್ಟಿದ ಕೈ ನಮಗೆ ಕಾಣತೊಡಗುತ್ತದೆ.

ಆ ಕೈಯನ್ನು ಅವರು ಮೊದಲೇ ಒಮ್ಮೆ ಕಂಡಿದ್ದರು ಕೂಡ. ಅದೇ ಸೀಸನ್ನಿನಲ್ಲಿ, 2015ರ ಅಕ್ಟೋಬರ್‌ನಲ್ಲಿ, ಇದೇ ಗ್ಲೆನ್ ಸತ್ತನೆಂದು ನಂಬಿಸುವಂತೆ ದೃಶ್ಯವನ್ನು ಕಟ್ಟಿ, ನಂತರದ ಕಂತುಗಳ ಆರಂಭದ ಹೆಸರುಗಳ ಪಟ್ಟಿಯಿಂದ ನಟ ಸ್ಟೀವನ್ ಯೂನ್ ಹೆಸರನ್ನೂ ತೆಗೆದು, ನವೆಂಬರ್‌ನಲ್ಲಿ ಅವನು ಬದುಕಿದ್ದಾನೆಂದು ತೋರಿಸಲಾಗಿತ್ತು. ಪ್ರಳಯಾನಂತರದ ಕಥೆಯಲ್ಲಿ ಕಾನೂನಿಲ್ಲ, ನಾಣ್ಯಕ್ಕೆ ಬೆಲೆಯಿಲ್ಲ, ನಾಳೆಯ ಖಾತ್ರಿಯಿಲ್ಲ. ಅಲ್ಲಿ ನಿಜವಾದ ತೂಕವಿರುವುದು ಸಾವೊಂದಕ್ಕೆ. ಅದನ್ನೂ ಹುಸಿ ಮಾಡಿದ ಮೇಲೆ ನೋಡುಗ ಯಾವುದಕ್ಕೆ ಹೆದರಬೇಕು?

ಅಕ್ಟೋಬರ್ 23ರಂದು ಉತ್ತರ ತಿಳಿಯಲು ಸುಮಾರು 1 ಕೋಟಿ 70 ಲಕ್ಷ ಜನ ಟಿವಿ ಮುಂದೆ ಕುಳಿತರು. ಸತ್ತವರು ಅಬ್ರಹಾಂ ಮತ್ತು ಗ್ಲೆನ್. ಮುಂದಿನ ವಾರ ಆ ಸಂಖ್ಯೆ ಸುಮಾರು 1 ಕೋಟಿ 25 ಲಕ್ಷಕ್ಕೆ ಇಳಿಯಿತು. ಆ ಕಂತಿನ ವಿಪರೀತ ಹಿಂಸೆಗೆ ಬೇಸತ್ತು ಎದ್ದುಹೋದವರೂ ಇದ್ದರು, ಆದ್ದರಿಂದ ಇಳಿತವನ್ನೆಲ್ಲ ಆರು ತಿಂಗಳ ಕಾಯುವಿಕೆಯ ಲೆಕ್ಕಕ್ಕೇ ಬರೆಯಲಾಗದು. ಧಾರಾವಾಹಿ 2022ರವರೆಗೆ ನಡೆಯಿತು; ಆ ಎತ್ತರಕ್ಕೆ ಮಾತ್ರ ಮತ್ತೆ ಏರಲಿಲ್ಲ.

ಇದರ ಪಕ್ಕದಲ್ಲಿ ಎಚ್‌ಬಿಒ ವಾಹಿನಿಯ ‘ದ ಲಾಸ್ಟ್ ಆಫ್ ಅಸ್’ ಧಾರಾವಾಹಿಯನ್ನು ಇಟ್ಟು ನೋಡಬಹುದು. ಅದರ ಮೊದಲ ಸೀಸನ್ನಿನ ಕೊನೆಯ ಕಂತು ಬಂದದ್ದು 2023ರ ಮಾರ್ಚ್ 12ರಂದು, ಆಸ್ಕರ್ ಪ್ರಶಸ್ತಿ ಸಮಾರಂಭದ ರಾತ್ರಿಯೇ. ಆದರೂ ಅದನ್ನು 82 ಲಕ್ಷ ಜನ ನೋಡಿದರು. ಜಗತ್ತನ್ನು ಹಾಳುಗೆಡವಿದ ಶಿಲೀಂಧ್ರದ ಸೋಂಕು ತಗುಲಿಯೂ ಬಾಧಿಸದ ಎಲೀ ಎಂಬ ಹುಡುಗಿಯ ಮೆದುಳನ್ನು ಕತ್ತರಿಸಿದರೆ ಜಗತ್ತಿಗೆ ಮದ್ದು ಸಿಗಬಹುದು, ಹುಡುಗಿ ಉಳಿಯುವುದಿಲ್ಲ. ಅವಳನ್ನು ಮಗಳಂತೆ ಕಾಣತೊಡಗಿದ್ದ ಜೋಯಲ್ ಆಸ್ಪತ್ರೆಯಲ್ಲಿ ಎದುರಾದವರನ್ನು ಕೊಂದು ಅವಳನ್ನು ಹೊತ್ತು ತರುತ್ತಾನೆ, ಅನಂತರ ನಡೆದದ್ದನ್ನು ಮರೆಮಾಚಿ ಅವಳಿಗೆ ಸುಳ್ಳು ಹೇಳುತ್ತಾನೆ. ನಿಜವೆಂದು ಆಣೆ ಮಾಡು ಎನ್ನುತ್ತಾಳೆ, ಮಾಡುತ್ತಾನೆ. ಅವಳು ‘ಓಕೆ’ ಎನ್ನುತ್ತಾಳೆ, ಅಲ್ಲಿಗೆ ಮುಗಿಯುತ್ತದೆ. ಇಲ್ಲಿ ನೋಡುಗನಿಂದ ಘಟನೆ ಯಾವುದನ್ನೂ ಬಚ್ಚಿಟ್ಟಿಲ್ಲ; ತಿಳಿಯದೆ ಉಳಿದದ್ದು ಹುಡುಗಿ ನಂಬಿದಳೋ ಇಲ್ಲವೋ ಎಂಬುದು, ಅದನ್ನು ಜೋಯಲ್ ಕೂಡ ಅರಿಯ. ಅವನು ಮಾಡಿದ್ದು ಸರಿಯೇ ಎಂಬ ಜಗಳ, 2013ರಲ್ಲಿ ಬಂದ ಮೂಲ ವಿಡಿಯೋ ಗೇಮ್ ಆಡಿದವರ ನಡುವೆ ಹತ್ತು ವರ್ಷಗಳಿಂದ ನಡೆದೇ ಇತ್ತು. ಧಾರಾವಾಹಿ ಅದನ್ನು ಮನೆಮನೆಗೆ ತಂದಿತು. ಆ ಜಗಳ ಬಹುಮಟ್ಟಿಗೆ ಜೋಯಲ್‌ನೊಂದಿಗೆ, ಕಥೆ ಹೇಳಿದವರೊಂದಿಗೆ ಅಲ್ಲ.

ಆದರೆ ಕಥೆ ನಿಲ್ಲಿಸುವ ಅಧಿಕಾರ ಕಥೆ ಹೇಳುವವರ ಕೈಯಲ್ಲಿಯೇ ಇಲ್ಲದಾಗ ಏನಾಗುತ್ತದೆ? ನನಗೆ ಎಲ್ಲಕ್ಕಿಂತ ಇಷ್ಟವಾದ ಪ್ರಸಂಗ ಅಂಥದು. ಸಿಬಿಎಸ್ ವಾಹಿನಿ 2006ರ ಸೆಪ್ಟೆಂಬರ್‌ನಲ್ಲಿ ‘ಜೆರಿಕೊ’ ಎಂಬ ಧಾರಾವಾಹಿಯನ್ನು ಆರಂಭಿಸಿತು. ಅಮೆರಿಕದ ನಗರಗಳ ಮೇಲೆ ಅಣುಬಾಂಬು ಬಿದ್ದ ಮೇಲೆ ಹೊರಜಗತ್ತಿನ ಸಂಪರ್ಕ ಕಡಿದುಹೋದ ಕಾನ್ಸಾಸ್‌ನ ಒಂದು ಸಣ್ಣ ಊರಿನ ಕಥೆ. 2007ರ ಮೇ 9ರಂದು ಬಂದ ಸೀಸನ್ನಿನ ಕೊನೆಯ ಕಂತಿನಲ್ಲಿ ನೆರೆಯೂರಿನವರು ಆಯುಧ ಹಿಡಿದು ಬಂದು ಶರಣಾಗಿರಿ ಎನ್ನುತ್ತಾರೆ. ನಾಯಕ ಜೇಕ್ ಒಂದೇ ಪದದಲ್ಲಿ ‘ನಟ್ಸ್’ ಎಂದು ಉತ್ತರಿಸುತ್ತಾನೆ. 1944ರ ಡಿಸೆಂಬರ್‌ನಲ್ಲಿ ಬೆಲ್ಜಿಯಂನ ಬಾಸ್ಟೋನ್ ಪಟ್ಟಣವನ್ನು ಮುತ್ತಿದ ಜರ್ಮನ್ ಸೇನೆಗೆ ಅಮೆರಿಕದ ಸೇನಾಧಿಕಾರಿ ಮೆಕಾಲಿಫ್ ಕಳುಹಿಸಿದ ಉತ್ತರವೇ ಅದು. ಹೋಗಯ್ಯಾ, ಆಗದು ಎಂಬ ಧಾಟಿಯ ಮಾತು. ಗುಂಡು ಹಾರುವಲ್ಲಿಗೆ ಕಂತು ನಿಂತಿತು. ಒಂದು ವಾರಕ್ಕೆ ವಾಹಿನಿ ಧಾರಾವಾಹಿಯನ್ನೇ ನಿಲ್ಲಿಸಿತು.

ಆ ಪದಕ್ಕೆ ಬೀಜಗಳು, ಕಾಳುಗಳು ಎಂಬ ಇನ್ನೊಂದು ಅರ್ಥವೂ ಇದೆ. ಅಭಿಮಾನಿಗಳು ಅದನ್ನೇ ಹಿಡಿದು ಸಿಬಿಎಸ್ ಕಚೇರಿಗೆ ಕಡಲೆಕಾಯಿ ಕಳುಹಿಸತೊಡಗಿದರು. ಒಟ್ಟು 20 ಟನ್ನಿನಷ್ಟು ಬಂದು ಬಿತ್ತು. ಇದನ್ನು ಬರಿಯ ತಮಾಷೆ ಎನ್ನಲಾರೆ. ಟಿವಿ ನೋಡುವವರ ಲೆಕ್ಕವನ್ನು ಆಗ ನೀಲ್ಸನ್ ಸಂಸ್ಥೆ ಆರಿಸಿದ ಕೆಲವು ಸಾವಿರ ಮನೆಗಳಿಂದ ತೆಗೆಯುತ್ತಿದ್ದರು. ಆ ಮನೆಗಳಲ್ಲಿ ಇಲ್ಲದವನು ಎಷ್ಟು ನಿಷ್ಠೆಯಿಂದ ನೋಡಿದರೂ, ಅಂತರಜಾಲದಲ್ಲಿ ಎಷ್ಟು ಸಲ ನೋಡಿದರೂ, ಅಂಕಿಯಲ್ಲಿ ಅವನಿಲ್ಲ. ಲೆಕ್ಕಕ್ಕೆ ಸಿಗದವರು ತೂಕಕ್ಕೆ ಸಿಕ್ಕರು. ಜೂನ್ 6ರಂದು ಮನರಂಜನಾ ವಿಭಾಗದ ಮುಖ್ಯಸ್ಥೆ ನೀನಾ ಟ್ಯಾಸ್ಲರ್ ಏಳು ಹೊಸ ಕಂತುಗಳನ್ನು ಘೋಷಿಸಿದರು. ಇನ್ನಷ್ಟು ಜನರನ್ನು ಟಿವಿ ಮುಂದೆ ತನ್ನಿ ಎಂದೂ ಕೇಳಿಕೊಂಡರು.

ಏಳು ಕಂತುಗಳು 2008ರ ಫೆಬ್ರವರಿಯಿಂದ ಬಂದವು. ಜನ ಸಾಲದಾದರು. ಆದರೆ ಈ ಸಲ ತಯಾರಕರು ಕೊನೆಯ ಕಂತಿಗೆ ಎರಡು ಮುಕ್ತಾಯಗಳನ್ನು ಚಿತ್ರೀಕರಿಸಿ ಇಟ್ಟುಕೊಂಡಿದ್ದರು: ಕಥೆ ಮುಂದುವರಿಯುವುದಾದರೆ ಒಂದು, ನಿಲ್ಲುವುದಾದರೆ ಇನ್ನೊಂದು. ಮಾರ್ಚ್ 25ರ ರಾತ್ರಿ ಪ್ರಸಾರವಾದದ್ದು ಎರಡನೆಯದು.